ಪಗಡಿಯ ಇನ್ನೊಂದು ತುದಿ

ಎಳೀರಿ ಸರ್ದಾರ್‌ಜೀ, ಗಟ್ಟಿಯಾಗಿ ಎಳೀರಿ, ನಿನ್ನೆ ಟಿ.ವಿ.ಯಲ್ಲಿ ಆ ಕೊಲೆಗಡುಕನ್ನ ತಬ್ಬಿಕೊಳ್ಳೋವಾಗ ತೋಳಲ್ಲಿ ಬೇಕಾದಷ್ಟು ಕಸುವಿತ್ತಲ್ಲ, ಅನ್ನುತ್ತಾಳೆ ನಸೀಬ್, ನನ್ನ ಹೆಂಡತಿ, ವರಾಂಡದ ಆ ಕೊನೆಯಲ್ಲಿ ಪಗಡಿಯ ಆ ತುದಿ ಹಿಡಿದು ನಿಂತು, ಈ ತುದಿ ನನ್ನ ಕೈಯಲ್ಲಿ, ನಡುವೆ ನೀರು ಚಿಮುಕಿಸಿದ ನೀಲಿ ಬಟ್ಟೆ, ಬಿಸಿಲು ಅದರೊಳಗಿಂದ ಸೋಸಿ ನೆಲದ ಮೇಲೆ ನೀಲಿಯಾಗಿ ಬಿದ್ದಿದೆ — ಬಾಯಿ ಮುಚ್ಚು, ಮಡಿಕೆ ನೋಡು, ಹನ್ನೊಂದಕ್ಕೆ ಪ್ರಮಾಣವಚನ, ಅನ್ನುತ್ತೇನೆ, ನನ್ನ ದನಿ ನನಗೇ ಕರ್ಕಶ, ಮದುವೆಯಾದಾಗಿನಿಂದ ಬೆಳಗಾದರೆ ಇದೇ, ಅವಳು ಆ ಕಡೆ ನಾನು ಈ ಕಡೆ, ಎಳೆದು, ಉದ್ದಕ್ಕೆ ಮಡಿಸಿ, ಮತ್ತೆ ಎಳೆದು, ಆಮೇಲೆ ತಲೆಗೆ ಸುತ್ತುವುದು, ಹಿಡಿಯುವವರಿಲ್ಲದ ವಿಧುರರು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿಕೊಳ್ಳುತ್ತಾರೆ, ಪಾಪ, ನೋಡಿ ನಕ್ಕಿದ್ದೇನೆ. ತಬ್ಬಿಕೊಂಡದ್ದು ನಾನಲ್ಲ, ಅವನೇ ಬಂದು ತಬ್ಬಿದ, ಕ್ಯಾಮೆರಾಗಳ ಮುಂದೆ ಹುಕುಮ್‌ಚಂದ್, ಸೆಂಟು ಪೂಸಿಕೊಂಡ ಹುಕುಮ್‌ಚಂದ್, ಅವನೂ ಇವತ್ತೇ ಮಂತ್ರಿಯಾಗುತ್ತಾನೆ, ಮೈತ್ರಿ ಸರ್ಕಾರ, ನನ್ನದೇ ಸಾಲಿನಲ್ಲಿ, ತಳ್ಳಬೇಕಿತ್ತೇ, ತಳ್ಳಬಹುದಿತ್ತು, ತಳ್ಳಲಿಲ್ಲ. ತಳ್ಳೋಕೆ ಕೈ ಬರಲಿಲ್ವಾ, ಅನ್ನುತ್ತಾಳೆ ಇವಳು, ನನ್ನ ತಲೆಯೊಳಗೆ ಕೂತವಳಂತೆ.

ಕೈ ಬಂದಿತ್ತು, ಒಂದು ಕಾಲದಲ್ಲಿ ಮೇಜು ಮುರಿಯುವ ಕೈ ಇದು, ಕೋರ್ಟಿನ ಹಿಂದೆ ತಗಡಿನ ಸೂರಿನಡಿ ಹರಿದ ಕರಿಕೋಟು ತೊಟ್ಟು ಕೂತಿದ್ದೆ, ಹಳ್ಳಿ ಶಾಲೆಯ ಇಂಗ್ಲಿಷಿಗೆ ಜಡ್ಜುಗಳು ಮುಸಿಮುಸಿ ನಗುತ್ತಿದ್ದರು, ಎಂಬತ್ತನಾಲ್ಕರ ಸಿಖ್ ಹತ್ಯಾಕಾಂಡದ ವಿಧವೆಯರು ಸಾಲಾಗಿ ಬರುತ್ತಿದ್ದರು, ಅವರ ನಡುವೆ ಇವಳು, ಮದುವೆಯಾಗದ ಹುಡುಗಿ, ಅಣ್ಣ ಮೊಹಕಮ್‌ನನ್ನು ಕಳಕೊಂಡವಳು, ಅಳುತ್ತಿರಲಿಲ್ಲ. ಕಟಕಟೆಯಲ್ಲಿ ನಿಂತವಳನ್ನು ನಾನೇ ಕೇಳಿದೆ, ಬೀಬೀ, ಅವರು ಬಂದಾಗ ನೀವು ಏನು ಮಾಡ್ತಿದ್ರಿ, ವೀರ್‌ಜೀ ಪಗಡಿ ಹಿಡಿದಿದ್ದೆ, ಅಂದಳು, ಆ ತುದಿ ಅಣ್ಣನ ಕೈಲಿ ಈ ತುದಿ ನನ್ನ ಕೈಲಿ, ಬಾಗಿಲು ಒಡೆದು ಬಂದ್ರು, ಮುಂದಿದ್ದೋನು ಇವನೇ, ಈ ಹುಕುಮ್‌ಚಂದ್, ಅಣ್ಣನ್ನ ಹೊರಗೆ ಎಳ್ಕೊಂಡು ಹೋದ್ರು, ಅಣ್ಣನೂ ತುದಿ ಬಿಡಲಿಲ್ಲ, ನಾನೂ ಬಿಡಲಿಲ್ಲ, ಬಟ್ಟೆ ಬೀದಿ ತನಕ ಬಿಗಿಯಾಗೇ ಇತ್ತು, ಆಮೇಲೆ ಸಡಿಲ ಆಯ್ತು. ಒಬ್ಬಳೇ ಸಾಕ್ಷಿ ಸಾಲದು ಅಂತ ಅವನನ್ನು ಬಿಟ್ಟರು, ನಾನು ಅಪೀಲು ಹಾಕಿದೆ, ಇವಳನ್ನು ಮದುವೆಯಾದೆ, ಚುನಾವಣೆಗೆ ನಿಂತೆ, ವೇದಿಕೆ ವೇದಿಕೆಯಲ್ಲಿ ಅದೇ ಮಾತು ಆಡಿದೆ, ಆಮೇಲೆ ಸಡಿಲವಾಯಿತು, ಜನ ಬಿಕ್ಕಿಬಿಕ್ಕಿ ಅತ್ತರು, ವೋಟು ಹಾಕಿದರು, ಲೋಕಸಭೆಯಲ್ಲಿ ಆಡಿದಾಗ ವಿರೋಧಿಗಳೂ ತಲೆ ತಗ್ಗಿಸಿದರು, ಎಷ್ಟು ಸಲ ಆಡಿದೆನೆಂದರೆ ಕೊನೆಕೊನೆಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲ ಬಾಯಿಪಾಠ — ಥೂ.

ನನ್ನ ಅಪೀಲು ಏನಾಯ್ತು, ಅನ್ನುತ್ತಾಳೆ, ಮಂತ್ರಿಯಾದವನು ವಕೀಲಿ ಮಾಡುವಂತಿಲ್ಲ, ವಕಾಲತ್ತು ವಾಪಸು ತೊಗೊಂಡಿದ್ದೇನೆ, ಅದು ಕಾನೂನು, ಬೇರೆಯವರನ್ನು ಇಡೋಣ, ಅನ್ನುತ್ತೇನೆ, ಕಾನೂನು ನಿಜ, ಮಾತು ಸುಳ್ಳು, ಅವನ ಸರ್ಕಾರ, ನನ್ನ ಸರ್ಕಾರ, ಯಾವ ವಕೀಲ ಮುಟ್ಟುತ್ತಾನೆ ಅದನ್ನು, ಇವಳಿಗೂ ಗೊತ್ತು, ಆದರೂ ಬಾಯಿ ತಡೆಯಲಿಲ್ಲ, ಹೇಳಿಯೇ ಬಿಟ್ಟೆ, ನೀನೂ ಬಾ, ಮೊದಲನೇ ಸಾಲು, ಅವನ ಹೆಂಡತಿ ಪಕ್ಕ ಕುರ್ಚಿ ಇಟ್ಟಿದ್ದಾರೆ, ಫೋಟೋದಲ್ಲಿ ನೀನಿರಬೇಕು ಅಂತ ಮೇಲಿನವರ ಆಸೆ. ಬಟ್ಟೆ ಬಿಗಿಯಾಯಿತು. ಕೂಗುತ್ತಾಳೆ ಅಂದುಕೊಂಡೆ, ಕೂಗಲಿಲ್ಲ, ಮೆಲ್ಲಗೆ ಅಂದಳು, ಈ ತುದಿ ಹಿಡಿಯೋಕೆ ಹುಕುಮ್‌ಚಂದನ್ನೇ ಕರೀರಿ, ಪಗಡಿ ಎಳೆದು ಅಭ್ಯಾಸ ಇದೆ ಅವನಿಗೆ. ಕೈ ಬಿಚ್ಚಿದಳು. ಅಂದು ಬಿಡದವಳು. ಚಪ್ಪಲಿ ಮೆಟ್ಟಿದ ಸದ್ದು, ಜಲ್ಲಿಕಲ್ಲಿನ ಮೇಲೆ ಹೆಜ್ಜೆ, ಹೋಗಲಿ, ಎಲ್ಲಿಗೆ ಹೋಗುತ್ತಾಳೆ, ಕೋಪ ಇಳಿದರೆ ಬರುತ್ತಾಳೆ, ಬೈಯುತ್ತಲೇ ಬಂದು ತುದಿ ಎತ್ತಿಕೊಳ್ಳುತ್ತಾಳೆ, ನಸೀಬ್, ಏ ನಸೀಬ್ — ಡ್ರೈವರ್ ಬಲಕಾರ್ ಬಂದು ನಿಂತ, ಸಾಹೇಬ್ರೇ, ಬೀಬೀಜಿ ಆಟೋ ಹತ್ತಿ ಹೋದ್ರು, ಕಾರು ತರ್ತೀನಿ ಅಂದ್ರೆ ಕೊಲೆಗಡುಕರ ಕಾರು ಬೇಡಪ್ಪ ಅಂದ್ರು, ನಮಗೆ ಹೊತ್ತಾಯ್ತು, ಹೊರಡೋಣ್ವಾ. ಹೊರಡಬೇಕು, ಬಾಗಿಲ ಹಿಡಿ ಅಲ್ಲೇ ಇದೆ, ಹಿತ್ತಾಳೆಯದು, ಹೊಳೆಯುತ್ತಿದೆ, ಕಟ್ಟಿಕೊಂಡರಾಯಿತು, ಅತ್ತ ಹೋಗುತ್ತಿಲ್ಲ ನಾನು, ಬರಿತಲೆ, ಜಡೆಗಂಟು, ಬಿಸಿಲು ಸರಿದಿದೆ, ಅವಳು ನಿಂತಿದ್ದ ಜಾಗದಲ್ಲಿ ಒದ್ದೆ ಬಟ್ಟೆ ಬಿದ್ದಿದೆ, ಅಲ್ಲಿಂದ ನನ್ನ ಕೈತನಕ ಬಂದಿದೆ, ಎಳೆಯುತ್ತೇನೆ, ಸುಮ್ಮನೆ ಬರುತ್ತದೆ, ಎಳೆಯುತ್ತೇನೆ, ಸುಮ್ಮನೆ ಬರುತ್ತದೆ, ಸಡಿಲ