ಗಡಿಯಾರಕ್ಕೆ ರಜೆ

ಕೊಡಿಗೇನಹಳ್ಳಿಯ ಆಚೆ, ಬಂಡೆಗಳ ನಡುವಿನ ರೇಡಿಯೊ ದೂರದರ್ಶಕದ ಗೇಟಿನ ಮುಂದೆ ಒಡೆದ ಬೂದುಗುಂಬಳ ಬಿದ್ದಿತ್ತು. ಆಯುಧ ಪೂಜೆಗೆಂದು ನಿಡುಗಲ್ಲಿನ ತವರಿಗೆ ಹೋಗಿದ್ದ ಸುನಿತಾ ಅದನ್ನು ದಾಟಿ ಒಳಗೆ ಬಂದಳು. ದೊಡ್ಡ ಡಿಶ್ಶಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಇರಲಿ, ಅದರಿಂದೇನೂ ನಷ್ಟವಿಲ್ಲ. ಆದರೆ ಒಳಕೋಣೆಯ ಪರಮಾಣು ಗಡಿಯಾರದ ಮೇಲೆ ಕುಂಕುಮ ಕಂಡು ಅವಳು ಗಕ್ಕನೆ ನಿಂತಳು.

“ಇದನ್ನ ಯಾರು ಮುಟ್ಟಿದ್ದು?”

“ನಾನೇ ಮೇಡಮ್,” ಎಂದ ಎಂಜಿನಿಯರ್ ಅಂಜನ್ ಕುಮಾರ್. “ಪೂಜೆ ದಿನ ಯಂತ್ರ ದುಡಿಸ್ಬಾರ್ದಲ್ವಾ? ಪಾಪ, ವರ್ಷವೆಲ್ಲ ಓಡ್ತೈತೆ. ಒಂದಿನ ರೆಸ್ಟ್ ತಗಳ್ಲಿ ಅಂತ ಆಫ್ ಮಾಡ್ಬುಟ್ಟೆ. ಮಾರನೇ ದಿನ ಬೆಳಿಗ್ಗೇನೇ ಆನ್ ಮಾಡಿದೀನಿ.”

ಇಂಥ ಭಕ್ತಿಗೆ ಬೆಂಕಿ ಬೀಳಲಿ. ಓದಿದ್ದು ಎಂಜಿನಿಯರಿಂಗು, ಬುದ್ಧಿ ಮಾತ್ರ ಟ್ರ್ಯಾಕ್ಟರ್ ಷೆಡ್ಡಿನದು.

ಹನ್ನೊಂದು ವರ್ಷದಿಂದ ಸುನಿತಾ ಒಂದೇ ನಕ್ಷತ್ರದ ಬೆನ್ನು ಹತ್ತಿದ್ದಳು. ಸತ್ತು ಕುಗ್ಗಿದ ಆ ನಕ್ಷತ್ರ ಬುಗುರಿಯಂತೆ ತಿರುಗುತ್ತ ಸುತ್ತಿಗೊಂದು ರೇಡಿಯೊ ಮಿಡಿತ ಕಳಿಸುತ್ತದೆ. ಮಿಡಿತ ಬಂದ ಹೊತ್ತನ್ನು ಈ ಗಡಿಯಾರದಿಂದ ಅಳೆದು ಚುಕ್ಕಿ ಇಡುವುದು, ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆಯುವುದು, ಇಷ್ಟೇ ಅವಳ ಕೆಲಸ. ಎಲ್ಲೋ ದೂರದ ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಆಕಾಶವನ್ನೇ ಅಲುಗಿಸಿದರೆ, ಗೆರೆ ವರ್ಷಗಟ್ಟಲೆ ಸಮಯ ತೆಗೆದುಕೊಂಡು ಕೂದಲೆಳೆಯಷ್ಟು ಬಾಗುತ್ತದೆ. ಹೋದ ವರ್ಷವಷ್ಟೇ ಬಾಗಿದ ಹಾಗೆ ಕಂಡಿತ್ತು. ಈಗ ನಿಂತು ಮತ್ತೆ ಹೊರಟ ಗಡಿಯಾರ ಎಷ್ಟು ಹಿಂದಿದೆಯೋ, ಎಷ್ಟು ಮುಂದಿದೆಯೋ, ಅಷ್ಟು ಸೂಕ್ಷ್ಮವಾಗಿ ಹೇಳುವವರು ಯಾರೂ ಇಲ್ಲ.

ನಿರ್ದೇಶಕ ಪ್ರಭುದೇವ್ ಟೀ ಹೀರುತ್ತ ಸಮಾಧಾನ ಹೇಳಲು ಬಂದರು. “ಅಷ್ಟಕ್ಯಾಕಮ್ಮ ಕೂಗಾಡ್ತೀಯ? ಹಳೇ ಗೆರೆ ಎತ್ಲಾಗೆ ಬಾಗ್ತಿತ್ತೋ ಅತ್ಲಾಗೇ ಹೊಸದನ್ನ ಸೇರಿಸ್ಬುಡು. ನಕ್ಷತ್ರ ಏನು ಬಂದು ಸಾಕ್ಷಿ ಹೇಳ್ತದಾ?”

ಸುನಿತಾ ಅವರ ಕಡೆ ತಿರುಗಿದಳು. “ಅದಕ್ಕೆ ಬಾಯಿಲ್ಲ ಸಾರ್. ಅದಕ್ಕೇ ನಾವು ಸುಳ್ಳು ಹೇಳ್ಬಾರ್ದು. ಗೆರೇನ ನಾವೇ ಬಗ್ಗಿಸೋದಾದ್ರೆ ಹನ್ನೊಂದು ವರ್ಷ ನಾನು ಕಾದಿದ್ದು ಯಾತಕ್ಕೆ?”

ಪ್ರಭುದೇವ್ ಲೋಟ ಕೆಳಗಿಟ್ಟರು. “ತಪ್ಪಾಯ್ತು ಮೇಡಮ್,” ಎಂದ ಅಂಜನ್, ನೆಲ ನೋಡುತ್ತ. ಅದರಿಂದ ಅವಳ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು. ತಪ್ಪಾಯ್ತು ಎಂದವನಿಗೆ ಇನ್ನೇನು ತಾನೇ ಬೈಯುವುದು?

ಕಂಪ್ಯೂಟರಿನ ಮುಂದೆ ಕೂತು ಆಯುಧ ಪೂಜೆಯ ದಿನಕ್ಕೆ ಗೆರೆಯನ್ನು ಕಡಿದಳು. ಪಕ್ಕದಲ್ಲಿ, ‘ಗಡಿಯಾರವನ್ನು ನಾವೇ ನಿಲ್ಲಿಸಿದೆವು’ ಎಂದು ಬರೆದಳು. ಆಮೇಲೆ ಹೊಸ ಗೆರೆಯ ಮೊದಲ ಚುಕ್ಕಿ ಇಟ್ಟಳು. ಅದು ಬಾಗುತ್ತದೋ ಇಲ್ಲವೋ ತಿಳಿಯುವ ಹೊತ್ತಿಗೆ ಅವಳಿಗೆ ನಿವೃತ್ತಿಯಾಗಿರುತ್ತದೆ. ಈ ಕುರ್ಚಿಯಲ್ಲಿ ಅಂಜನ್ ಕೂತಿರುತ್ತಾನೆ.