ನಮ್ಮ ಮಾತಿನಲ್ಲಿ ಬಂದದ್ದು

ಜೆಯರಾಜ್ ತೀರಿಕೊಂಡ ಅಕ್ಕನ ಬಾಯಿಗೆ ಕೊನೆಯ ಅಕ್ಕಿ ಹಾಕಲು ಹೋದ. ಬಾಯಿ ತೆರೆಯಲಿಲ್ಲ. ಕಾಳುಗಳು ರಂಗಮ್ಮಾಳ್ ಗಲ್ಲದಿಂದ ಜಾರಿ ಚಾಪೆಗೆ ಬಿದ್ದವು. ಧನುರ್ವಾಯು ಬಿಗಿದ ದವಡೆ. ಕೊನೆಯ ನಾಲ್ಕು ದಿನ ಒಂದು ಗುಟುಕು ನೀರನ್ನೂ ಒಳಗೆ ಬಿಟ್ಟಿರಲಿಲ್ಲ.

"ಎಲ್ಲಾ ವಿಧಿ ಕಣಮ್ಮಾ," ಎಂದು ಕಣ್ಣೊರೆಸಿಕೊಂಡ.

"ವಿಧಿ ಅಲ್ಲ ಮಾಮಾ, ನಿನ್ನ ವಾಯ್ಸ್ ಮೆಸೇಜು," ಎಂದಳು ರಂಗಮ್ಮಾಳ್ ಮಗಳು ಇಂದುಜಾ.

*

ಹದಿನೈದು ದಿನದ ಹಿಂದೆ, ತಮಿಳುನಾಡಿನ ಓಡೈಪಟ್ಟಿಯ ದ್ರಾಕ್ಷಿ ಚಪ್ಪರದ ತುಕ್ಕು ತಂತಿ ರಂಗಮ್ಮಾಳ್ ಅಂಗೈ ಸೀಳಿತ್ತು. ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಊಸಿ ಚುಚ್ಚಿಸೋಣ ಬಾ ಎಂದು ಇಂದುಜಾ ಕರೆದರೆ, ಅಮ್ಮ ಫೋನು ಮುಂದೆ ಹಿಡಿದಳು.

"ಕೇಳು. ಆ ಊಸೀಲಿ ವಿಷ ಐತಂತೆ, ಕೈಕಾಲು ಬಿದ್ದೋಗ್ತದಂತೆ."

"ಸುಳ್ಳಮ್ಮಾ ಅದು."

"ತಮಿಳ್ನಾಗೆ ಬಂದಿದ್ರೆ ಸುಳ್ಳು ಅನ್ನು. ಇದು ನಮ್ಮ ಮಾತು ಕಣೇ. ನಮ್ಮ ಮಾತ್ನಾಗೆ ಯಾರು ಸುಳ್ಳು ಹೇಳ್ತಾರೆ?"

ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲ ತಮಿಳು. ಹುಟ್ಟಿದಾಗಿನಿಂದ ಅವಳೊಡನೆ ಕನ್ನಡ ಆಡಿದವರು ತಾಯಿ, ಅಜ್ಜಿ, ಒಡಹುಟ್ಟಿದವರಂಥ ಸ್ವಂತದವರು ಮಾತ್ರ. ಆ ನಂಬಿಕೆಗೇ ತಮ್ಮ ಜೆಯರಾಜ್ ಕನ್ನ ಹಾಕಿದ್ದ. ಎಲ್ಲಿಂದಲೋ ಬಂದ ತಮಿಳು ಸುಳ್ಳನ್ನು ಮನೆಮಾತಿಗೆ ತಿರುಗಿಸಿ, ಸ್ವಂತ ದನಿಯಲ್ಲಿ, ನೆಂಟರ ಗುಂಪಿಗೆಲ್ಲ ಹಂಚಿದ್ದ. ಎಂಥ ಉಪಕಾರ!

*

"ತಪ್ಪಾಯ್ತು ಅಂತ ಅದೇ ಗುಂಪ್ನಾಗೆ ಹೇಳು ಮಾಮಾ. ನಮ್ಮ ಮಾತ್ನಾಗೇ."

"ತಮಿಳಲ್ಲಿ ಬರೆದು ಹಾಕ್ತೀನಮ್ಮಾ. ಬಾಯ್ಬಿಟ್ಟು ಹೇಳಿದ್ರೆ ಮಾನ ಹೋಗ್ತದೆ."

ಮಾನವಂತೆ! ಒಡಹುಟ್ಟಿದವಳು ಹೆಣವಾಗಿ ಮಲಗಿದ್ದಾಳೆ, ಈ ಮಹಾಶಯನಿಗೆ ಮಾನದ ಚಿಂತೆ.

ಹೆಂಗಸರ ನಡುವೆ ಚೆಲ್ಲಮ್ಮಾಳ್ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಮ್ಮನ ಜೊತೆ ಅದೇ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದ ನೆಂಟಳು. ಸೆರಗಿನ ಮೇಲೆ ರಕ್ತದ ಕಲೆ ಇಂದುಜಾಳ ಕಣ್ಣಿಗೆ ಬಿತ್ತು.

"ಯಾವಾಗ ಆಯ್ತು ಚಿಕ್ಕಮ್ಮಾ?"

"ಮೊನ್ನೆ. ತಂತಿ ತಾಗ್ತು. ಊಸಿ ಬ್ಯಾಡ ಅಂತ ನಿಮ್ಮ ಮಾಮನೇ ಹೇಳಿದ್ನಲ್ಲಮ್ಮಾ..."

ಜೆಯರಾಜ್ ನೆಲ ನೋಡಿದ.

ಇಂದುಜಾ ಗೂಟದಿಂದ ಸ್ಕೂಟರಿನ ಕೀಲಿ ತೆಗೆದುಕೊಂಡಳು. "ಏಳು ಚಿಕ್ಕಮ್ಮಾ."

"ಏಯ್, ಹೆಣ ಎತ್ತೋಕೆ ಮುಂಚೆ ಹೆತ್ತ ಮಗಳು ಮನೆ ಬಿಡಬಾರ್ದು!" ಈಗ ಮಾತ್ರ ಜೆಯರಾಜ್‌ಗೆ ದನಿ ಬಂತು. "ಊರು ಏನಂದೀತು?"

"ಅಮ್ಮ ಕಾಯ್ತಾಳೆ ಮಾಮಾ. ಆ ಗಾಯ ಕಾಯಲ್ಲ."

ಬಾಗಿಲಲ್ಲಿ ತಮಟೆಯವರು ಬಡಿತ ನಿಲ್ಲಿಸಿ ದಾರಿ ಬಿಟ್ಟರು. ಸ್ಕೂಟರು ಹೊರಟಿತು. ಹಿಂದೆ ಕೂತ ಚೆಲ್ಲಮ್ಮಾಳ್ ಬಟ್ಟೆ ಸುತ್ತಿದ ಕೈಯನ್ನು ಸೆರಗಿನಿಂದ ಹೊರತೆಗೆದು, ಊರೆಲ್ಲ ನೋಡುತ್ತಿರುವಂತೆಯೇ, ಇಂದುಜಾಳ ಹೆಗಲ ಮೇಲಿಟ್ಟಳು.