ಗೋದಾಮಿಗೆ ಬಂದ ಹಣಕಾಸು ಮುಖ್ಯಸ್ಥೆ

ಯಾರು ಏನನ್ನೇ ಹೇಳಲಿ, ಮಹೇಶ್ವರಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ನೀವು ನೋಡೀರೋ, ಕೇಳೀರೋ?" ಹಾಗೆ ಕೇಳುವಾಗ ಆಕೆಯ ದನಿಯಲ್ಲಿ ಸಂಶಯವಾಗಲಿ ಕೊಂಕಾಗಲಿ ಇರುವುದಿಲ್ಲ, ಈ ಬಸ್ಸು ಯಾವ ಊರಿಗೆ ಹೋಗುತ್ತದೆ ಎಂದು ವಿಚಾರಿಸುವವರ ನಿರ್ಮಲ ಕುತೂಹಲವಷ್ಟೇ ಇರುತ್ತದೆ. ಎದುರಿನವರ ಮೈ ಉರಿಸುವುದು ಆ ನಿರ್ಮಲತೆಯೇ. ಕುಷ್ಟಗಿಯ ಹೊರವಲಯದಲ್ಲಿ ಬೀಜದ ಕಂಪನಿ ಕಟ್ಟಿ ಬೆಳೆಸಿದ ಗ್ಯಾನಪ್ಪ ಸಾವ್ಕಾರರ ಮೈಯಂತೂ, ಆಕೆ ಬಂದಾಗಿನಿಂದ, ದಿನವೂ ಉರಿಯುತ್ತಲೇ ಇದೆ.

ಹಿಂದೆ ಇಂಥ ಕಾಟವಿರಲಿಲ್ಲ. ಲೆಕ್ಕ ಬರೆಯಲು ವಿರುಪಣ್ಣನಿದ್ದ. ವರ್ಷವಿಡೀ ಮೂಲೆಯ ಮೇಜಿಗಂಟಿಕೊಂಡಿದ್ದು, ಮಾರ್ಚ್ ತಿಂಗಳಲ್ಲಿ ಮಾತ್ರ ಎದ್ದು ಬಂದು, ಕೈ ಹೊಸೆಯುತ್ತಾ, "ಈ ಸಲ ಎಷ್ಟು ಲಾಭ ತೋರಸೂಣ್ರಿ?" ಎಂದು ಕೇಳುತ್ತಿದ್ದ. ಗ್ಯಾನಪ್ಪನವರ ದೃಷ್ಟಿಯಲ್ಲಿ ಹಣಕಾಸಿನ ಮನುಷ್ಯ ಎಂದರೆ ಅವನೇ: ಆದದ್ದನ್ನು ಆದ ಮೇಲೆ ಬರೆಯುವವನು. ಆದರೆ ಹೈದರಾಬಾದಿನಿಂದ ಬಂಡವಾಳ ಹೂಡಲು ಬಂದವರು, ಕಾಯ್ದೆಗಳ ಪಾಲನೆಗೆ ಸಹಿ ಹಾಕಿ ಹೊಣೆ ಹೊರುವ ಹಣಕಾಸು ಮುಖ್ಯಸ್ಥರೊಬ್ಬರು ಇರಲೇಬೇಕೆಂದು ಹಟ ಹಿಡಿದರು. ಯಲಬುರ್ಗಾದ ತಹಶೀಲ್ದಾರ್ ಕಚೇರಿಯ ಜವಾನನ ಮಗಳು, ಸಿ.ಎ. ಮುಗಿಸಿ ಪುಣೆಯಲ್ಲಿ ದುಡಿದು ಬಂದ ಮಹೇಶ್ವರಿ, ಅರ್ಜಿ ಹಾಕಿದಳು. "ನಮ್ಮ ಕಡೀ ಹುಡುಗಿ, ಹೇಳಿದಂಗ ಕೇಳ್ತಾಳ" ಎಂದುಕೊಂಡು ಸಾವ್ಕಾರರು ಒಪ್ಪಿಗೆ ಕೊಟ್ಟರು. ಬೀಜದ ಗುಣವನ್ನು ಒಂದೇ ನೋಟಕ್ಕೆ ಹೇಳಬಲ್ಲೆನೆಂಬ ಅವರ ಹೆಮ್ಮೆ ಮನುಷ್ಯರ ವಿಷಯದಲ್ಲಿ ಮುಗ್ಗರಿಸಿದ್ದು ಹೀಗೆ.

ಬಂದ ವಾರದಲ್ಲೇ ಆಕೆ ತನ್ನ ತಣ್ಣನೆಯ ಕೋಣೆ ಬಿಟ್ಟು ಗೋದಾಮುಗಳನ್ನು ಸುತ್ತತೊಡಗಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನೆಲ ನೋಡುತ್ತಾ, ಕಳೆದುಹೋದ ಕಿವಿಯೋಲೆ ಹುಡುಕುವವಳಂತೆ ನಿಧಾನಕ್ಕೆ ನಡೆಯುವ ಆ ನಡಿಗೆಯನ್ನು ಕಂಡರೆ ಹಮಾಲರು ಬೀಡಿ ಆರಿಸುತ್ತಿದ್ದರು. ಶೀತಲಗೃಹದ ಒಳಗೂ ಹೊರಗೂ ಓಡಾಡುವವಳಾದ್ದರಿಂದ ಸೀರೆಯ ಮೇಲೆ ಗಂಡಸರದೊಂದು ಕಂದು ಸ್ವೆಟರ್. ಏಪ್ರಿಲ್ ತಿಂಗಳ ಉರಿಬಿಸಿಲಲ್ಲೂ ಅದನ್ನು ಕಳಚಲು ಮರೆತು, ತೋಳಿಗಂಟಿದ ಸಜ್ಜೆಯ ಹೊಟ್ಟಿನ ಸಮೇತ ಬ್ಯಾಂಕಿನವರ ಮುಂದೆ ಹೋಗಿ ಕೂರುತ್ತಿದ್ದಳು. "ಅಕೀ ರೊಕ್ಕದ ಮೇಡಮ್ಮೋ, ಗೋದಾಮಿನ ಮೇಡಮ್ಮೋ?" ಎಂದು ಸಾವ್ಕಾರರು ಗೋದಾಮು ನೋಡಿಕೊಳ್ಳುವ ಮಕ್ಬುಲಸಾಬನನ್ನು ಕೇಳಿದರೆ, ಅವನು ಎರಡೂ ಕಡೆ ನೋಡಿ, "ಎರಡೂ ಅದಾರ್ರಿ" ಎಂದು ಜಾರಿಕೊಂಡ.

ಪ್ರತಿ ವರ್ಷ ಡೀಲರುಗಳನ್ನು ಗೋವಾಕ್ಕೆ ಕರೆದೊಯ್ಯುವುದು ಕಂಪನಿಯ ಸಂಪ್ರದಾಯ. ಆಕೆ ಅದನ್ನೂ ಬಿಡಲಿಲ್ಲ. "ಗೋವಾಕ್ಕ ಹೋದವ್ರು ಹೆಚ್ಚು ಮಾರ್ತಾರೋ, ಹೆಚ್ಚು ಮಾರೋವ್ರು ಗೋವಾಕ್ಕ ಹೊಂಟಾರೋ?" ಸಿಟ್ಟಿಗೆ ಗ್ಯಾನಪ್ಪನವರು ಆ ವರ್ಷ ಡೀಲರುಗಳ ಹೆಂಡಂದಿರನ್ನೂ ಕಳಿಸಿಕೊಟ್ಟರು.

ಆದರೆ ಸಹನೆಯ ಕಟ್ಟೆ ನಿಜಕ್ಕೂ ಒಡೆದದ್ದು ಮುಂಗಾರು ಬೇಗ ಬಂದ ವರ್ಷ. ಮೇ ಮುಗಿಯುವ ಮೊದಲೇ ಕುಷ್ಟಗಿ, ಯಲಬುರ್ಗಾ ಎರಡೂ ಕಡೆ ಹದವಾದ ಮಳೆ ಸುರಿದು, ಸಜ್ಜೆ ಬೀಜಕ್ಕೆ ಅಂಗಡಿಗಳ ಮುಂದೆ ಸಾಲು ಹತ್ತಿತು. ಹೊಸ ಬೀಜ ಎರಡೇ ದಿನಕ್ಕೆ ಬರಿದಾಯಿತು. ಉಳಿದದ್ದು ಹಿಂದಿನ ವರ್ಷದ ದಾಸ್ತಾನು. ಚೀಲಗಳ ಮೇಲಿನ ಅವಧಿ ಮುಗಿದಿತ್ತು. ಮತ್ತೆ ಮೊಳಕೆ ಪರೀಕ್ಷೆ ಮಾಡಿಸದೆ ಹೊಸ ಚೀಟಿ ಹಚ್ಚುವಂತಿರಲಿಲ್ಲ. ಪರೀಕ್ಷೆಗೆ ವಾರ ಬೇಕು. ಗ್ಯಾನಪ್ಪನವರು ಚೀಲಕ್ಕೆ ಕೈ ಹಾಕಿ, ಕಾಳೊಂದನ್ನು ಹಲ್ಲಲ್ಲಿ ಕಡಿದು, ಟಣ್ಣನೆ ಮುರಿದ ಸದ್ದಿಗೆ ತಲೆದೂಗಿ, ಲಾರಿ ತುಂಬಲು ಹೇಳಿದರು. ಮಹೇಶ್ವರಿ ರವಾನೆಗೆ ಸಹಿ ಹಾಕಲಿಲ್ಲ.

"ಯವ್ವಾ ತಾಯಿ, ನಾ ಬೀಜದಾಗ ಮುದುಕ ಆಗೀನಿ. ಇದು ಮೊಳೀತೈತಿ!"

"ಮೊಳೆತರ ಭಾಳ ಛಲೋ ಆತ್ರಿ. ಮೊಳೆತಿದ್ದನ್ನ ನೋಡಿ ಕಳಸೂಣು."

"ಮಳಿ ನಿಮ್ಮ ಸಹಿಗೆ ಕಾಯ್ತೈತೇನು?"

"ಬಿತ್ತಿದಾವನ ಹೊಲಾನೂ ಕಾಯೂದಿಲ್ರಿ, ಸಾವ್ಕಾರ್ರ. ಇದು ಹುಟ್ಟಲಿಲ್ಲಂದ್ರ ಅವನ ಹದಾ ಹೋತು."

ಲಾರಿಗಳು ಗೇಟಿನ ಬಳಿ ನಿಂತೇ ಇದ್ದವು. ಡೀಲರುಗಳು ಮೊದಲು ಬೇಡಿದರು, ಆಮೇಲೆ ಬೈದರು, ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟರು. ಸಾವ್ಕಾರರನ್ನು ಹೆಚ್ಚು ಹೆದರಿಸಿದ್ದು ಆ ಮೌನವೇ. ಮಹೇಶ್ವರಿ ಮಾತ್ರ ಲ್ಯಾಬಿನಲ್ಲಿ ಕಾಳುಗಳನ್ನು ಮೊಳಕೆಗಿಟ್ಟ ಒದ್ದೆ ಕಾಗದದ ಸುರುಳಿಗಳ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ಬ್ಯಾಂಕಿಗೆ, ತೆರಿಗೆಯವರಿಗೆ, ಹೈದರಾಬಾದಿನವರಿಗೆ ಉತ್ತರ ಕೊಡುತ್ತಿದ್ದಳು.

ಕೊನೆಗೂ ಸುರುಳಿ ಬಿಚ್ಚಿದರು. ದಾಸ್ತಾನಿನ ಬಹುಪಾಲು ಸೊಗಸಾಗಿ ಮೊಳೆತಿತ್ತು. ಗ್ಯಾನಪ್ಪನವರು ಹುಬ್ಬೇರಿಸಿ ಬಾಯಿ ತೆರೆಯುವಷ್ಟರಲ್ಲಿ ಗೋದಾಮಿನಲ್ಲಿ ಇಳಿಬಿಸಿಲಿಗೆ ಕಾಯುವ ಪಡುವಣ ಗೋಡೆಗೆ ಒಟ್ಟಿದ್ದ ಚೀಲಗಳ ಸಾಲಿನ ಸುರುಳಿ ಬಂತು. ಅದರಲ್ಲಿ ಅರ್ಧದಷ್ಟೂ ಹುಟ್ಟಿರಲಿಲ್ಲ. ಅವರು ಕಾಳು ಕಡಿದು ತಲೆದೂಗಿದ್ದು ಆ ಸಾಲಿನ ಚೀಲಕ್ಕೇ. ಸತ್ತ ಕಾಳೊಂದನ್ನು ಉಗುರಿನಿಂದ ಕೆದಕಿ ನೋಡಿದರು. ಆಮೇಲೆ ಇದ್ದಬದ್ದ ಸಿಟ್ಟೆಲ್ಲ ಬೇರೆ ದಾರಿಯಿಂದ ಹೊರಬಂತು.

"ಹಂಗಾರ ಉಳಿದದ್ದೆಲ್ಲಾ ಛಲೋ ಇತ್ತಲ್ಲ! ಅದನ್ನರ ಅವತ್ತ ಕಳಸಬಹುದಿತ್ತಲ್ಲ!"

"ಯಾವುದು ಛಲೋ ಅಂತ ಅವತ್ತು ಯಾರಿಗೆ ಗೊತ್ತಿತ್ರಿ?"

ಅಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಅಂಗಡಿಗಳಲ್ಲಿ ಬೇರೆಯವರ ಬೀಜ ಕೂತಿತ್ತು. ಕೆಟ್ಟ ಸಾಲನ್ನು ಕೋಳಿ ಫಾರ್ಮಿಗಾದರೂ ಮಾರೋಣವೆಂದರೆ, ಬೀಜಕ್ಕೆ ಔಷಧ ಸವರಿದೆಯೆಂದು ಅದಕ್ಕೂ ತಡೆ. ಮಹೇಶ್ವರಿ ಅದನ್ನು ಗುಂಡಿ ತೋಡಿಸಿ ಹೂಳಿಸಿದಳು. ತಮ್ಮ ಹೆಸರು ಅಚ್ಚಾದ ಚೀಲಗಳಿಂದ ಕಾಳು ಮಣ್ಣಿಗೆ ಸುರಿಯುವುದನ್ನು ಸಾವ್ಕಾರರು ದೂರ ನಿಂತು ನೋಡಿದರು.

ಆಡಳಿತ ಮಂಡಳಿಯ ಸಭೆ ಹೈದರಾಬಾದಿನಲ್ಲಿ. ಈಕೆಯನ್ನು ತೆಗೆಯಲೇಬೇಕೆಂದು ಹೇಳಲು ಗ್ಯಾನಪ್ಪನವರು ದಾರಿಯುದ್ದಕ್ಕೂ ಕಾರಿನಲ್ಲಿ ವಾಕ್ಯಗಳನ್ನು ಜೋಡಿಸಿದರು. ಆಕೆ ಅಲ್ಲಿ ಶಾಂತವಾಗಿ ತನ್ನ ಯೋಜನೆ ಮಂಡಿಸಿದಳು: ಗಂಗಾವತಿಯಲ್ಲಿ ಹೊಸ ಮಳಿಗೆ ಆಮೇಲೆ, ಮೊದಲು ಪಡುವಣ ಗೋಡೆಗೆ ಹೊಸ ಮಾಡು, ದಾಸ್ತಾನಿನ ಪರೀಕ್ಷೆ ಇನ್ನು ಮೇಲೆ ಏಪ್ರಿಲ್‌ನಲ್ಲೇ. ಅಷ್ಟರಲ್ಲಿ ಹೂಡಿಕೆದಾರರಲ್ಲೊಬ್ಬ, ಟೈ ಸಡಿಲಿಸುತ್ತಾ, ಚೀಟಿ ಬದಲಿಸಿ ಕಳಿಸಿದ್ದರೆ ಏನಾಗುತ್ತಿತ್ತು, ಎಲ್ಲರೂ ಮಾಡುವುದೇ ಅಲ್ಲವೇ ಎಂದು ನಕ್ಕ.

"ಚೀಲದ ಮ್ಯಾಲ ನನ್ನ ಹೆಸರೈತ್ರಿ," ಎಂದರು ಗ್ಯಾನಪ್ಪ. "ನಿಮ್ಮದಲ್ಲ."

ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಜೋಡಿಸಿಟ್ಟ ವಾಕ್ಯಗಳಲ್ಲಿ ಅದೊಂದು ಇರಲೇ ಇಲ್ಲ. ಮಹೇಶ್ವರಿ ತಲೆಯೆತ್ತಿ ಅವರನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿ ಮುಂದಿನ ಪುಟ ತಿರುಗಿಸಿದಳು. ಅದಕ್ಕೂ ಅವರಿಗೆ ಸಿಟ್ಟೇ ಬಂತು. ಮಾಡಿಗೆ ಒಪ್ಪಿಗೆಯಾಯಿತು, ಆಕೆಯ ಕುರ್ಚಿ ಉಳಿಯಿತು, ಕೈಬಿಟ್ಟ ಡೀಲರುಗಳಲ್ಲಿ ಹಲವರು ಮರಳಿ ಬರಲಿಲ್ಲ.

ಒಂದು ಕಾಲಕ್ಕೆ ಹಣಕಾಸಿನವರು ಉದ್ಯಮದ ಹಿಂಬಾಗಿಲಲ್ಲಿ ಕೂತು, ನಡೆದುಹೋದದ್ದಕ್ಕೆ ಅಂಕಿಗಳ ಅಂಗಿ ತೊಡಿಸುತ್ತಿದ್ದರು. ಯಾರ ತಂಟೆಗೂ ಹೋಗುತ್ತಿರಲಿಲ್ಲ, ಎಲ್ಲರಿಗೂ ಬೇಕಾಗಿದ್ದರು. ಕಾಲವೂ ಕಾಯ್ದೆಯೂ ಸೇರಿ ಅವರನ್ನು ಎಳೆತಂದು ಹೆಬ್ಬಾಗಿಲಲ್ಲಿ ನಿಲ್ಲಿಸಿವೆ. ಈಗ ಅವರು ನಡೆಯಬೇಕಾದದ್ದರ ದಾರಿಗೇ ಅಡ್ಡ ನಿಂತು, ಹೋಗಲೇಬೇಕೇ ಎಂದು ಕೇಳುತ್ತಾರೆ. ಅವರನ್ನು ಪ್ರೀತಿಸುವುದು ಕಷ್ಟ. ತಪ್ಪಿಹೋದ ಲಾಭ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿಹೋದ ಅನಾಹುತ ಯಾರ ಹೊಲದಲ್ಲೂ ಕಾಣುವುದಿಲ್ಲ.